ನಮ್ಮ ಭಾವನ ಹಿಂದೆ ಬಿದ್ದ ಉಪಗ್ರಹಗಳು

ಹತ್ತೊಂಬತ್ತು ವರ್ಷದಿಂದ ಒಂದೇ ಕಚೇರಿಗೆ, ಒಂದೇ ದಾರಿಯಲ್ಲಿ, ಒಂದೇ ಸೈಕಲ್ ತುಳಿದುಕೊಂಡು ಹೋಗುವ ಮನುಷ್ಯನಿಗೆ ತಾನು ಎಲ್ಲಿದ್ದೇನೆ ಎಂದು ಆಕಾಶವನ್ನು ಕೇಳುವ ಅಗತ್ಯ ಯಾಕೆ ಬಂತು ಎಂಬುದು ನಮ್ಮ ಅಕ್ಕನಿಗೆ ಇವತ್ತಿಗೂ ಅರ್ಥವಾಗಿಲ್ಲ. ಆ ಮನುಷ್ಯ ಅಕ್ಕನ ಗಂಡ, ನನ್ನ ಭಾವ. ನೀರು ಸರಬರಾಜು ಕಚೇರಿಯಲ್ಲಿ ಮೀಟರ್ ರೀಡರ್. ಮನೆಮನೆಗೆ ಹೋಗಿ, ಗೇಟಿನ ಪಕ್ಕದ ಗುಂಡಿಯ ಮುಚ್ಚಳ ಎತ್ತಿ, ಒಳಗಿರುವ ಮೀಟರಿನ ಅಂಕಿ ನೋಡಿ, ಪುಸ್ತಕದಲ್ಲಿ ಬರೆದುಕೊಂಡು ಬರುವುದು ಅವರ ಕೆಲಸ. ಹಾಗಂತ ನಾವೆಲ್ಲ ನಂಬಿದ್ದೆವು.

ಒಂದು ಶನಿವಾರ ಮಧ್ಯಾಹ್ನ ಭಾವ ಒಂದು ಪೆಟ್ಟಿಗೆ ತಂದು ಊಟದ ಮೇಜಿನ ಮೇಲಿಟ್ಟರು. ಕೈಕಾಲು ತೊಳೆದು, ತಲೆ ಬಾಚಿ, ಷರಟಿನ ಮೇಲಿನ ಗುಂಡಿಯನ್ನೂ ಹಾಕಿಕೊಂಡು ಬಂದು ಅದನ್ನು ಬಿಚ್ಚಿದರು. ಒಳಗಿಂದ ಕಪ್ಪಗೆ, ಅಂಗೈಯಷ್ಟೂ ಇಲ್ಲದ ಒಂದು ವಸ್ತು ಹೊರಬಂತು.

"ಏನ್ರೀ ಇದು, ಸೋಪಿನ ಡಬ್ಬಿನಾ?" ಎಂದಳು ಅಕ್ಕ.

"ಸೈಕಲ್ ಜಿಪಿಎಸ್ಸು ಕಣೇ. ಸೈಕಲ್‌ಗೆ ಅಂತಾನೇ ಮಾಡಿರೋದು."

"ಏನ್ಮಾಡುತ್ತೆ?"

"ನಾವೆಲ್ಲಿದೀವಿ ಅಂತ ಹೇಳುತ್ತೆ."

"ಮನೇಲಿದೀವಿ," ಎಂದು ಅಕ್ಕ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.

ಕಾರಣ ಇಲ್ಲದಿರಲಿಲ್ಲ. ಮೀಟರ್ ವಿಭಾಗದ ಮೇಲ್ವಿಚಾರಕರು ಎರಡು ತಿಂಗಳಲ್ಲಿ ನಿವೃತ್ತರಾಗುವವರಿದ್ದರು. ಅವರಿಗೊಂದು ಕುರ್ಚಿ ಇತ್ತು. ಕೈಗಳಿರುವ ಕುರ್ಚಿ, ಮೇಲೊಂದು ದಿಂಬು, ನೆತ್ತಿಗೆ ಸರಿಯಾಗಿ ಫ್ಯಾನು, ಮುಂದೆ ಬೀಗ ಹಾಕಬಹುದಾದ ಖಾನೆಯಿರುವ ಮೇಜು. ಅದರಲ್ಲಿ ಕೂತವನು ಮತ್ತೆ ಬಿಸಿಲಲ್ಲಿ ಸೈಕಲ್ ತುಳಿಯಬೇಕಾಗಿಲ್ಲ. ಭಾವನ ಎರಡೂ ಮಂಡಿಗಳು ಹತ್ತು ವರ್ಷದಿಂದ ಆ ಕುರ್ಚಿಯನ್ನೇ ಜಪಿಸುತ್ತಿದ್ದವು. ಸೈಕಲ್ಲಿನಿಂದ ಶಾಶ್ವತವಾಗಿ ಇಳಿಯುವ ಸಲುವಾಗಿ ಸೈಕಲ್ಲಿಗೆ ಯಂತ್ರ ಕಟ್ಟಿಕೊಂಡ ಮನುಷ್ಯ ಲೋಕದಲ್ಲಿ ಇವರೊಬ್ಬರೇ ಇರಬೇಕು.

ಆ ಕುರ್ಚಿಯ ಮೇಲೆ ಕಣ್ಣಿಟ್ಟ ಇನ್ನೊಬ್ಬನೂ ಇದ್ದ. ಊರಿನ ಉತ್ತರ ಭಾಗದ ಮೀಟರ್ ರೀಡರ್. ಅವನ ಹೆಸರನ್ನು ಕಚೇರಿಯವರೂ ಮರೆತಿದ್ದಾರೆ. ಎಲ್ಲರಿಗೂ ಅವನು ಕ್ಲಿಪ್ಪು. ಸೈಕಲ್ ಹ್ಯಾಂಡಲ್ಲಿಗೆ ನಾಲ್ಕು ಸ್ಕ್ರೂ ಹಾಕಿ ಒಂದು ಪ್ಲಾಸ್ಟಿಕ್ ಕ್ಲಿಪ್ಪು ಬಿಗಿದು, ಅದರ ಬಾಯಿಗೆ ತನ್ನ ಸ್ಮಾರ್ಟ್‌ಫೋನನ್ನು ಸಿಕ್ಕಿಸಿ, ಮೇಲೆ ಪಾರದರ್ಶಕ ಚೀಲ ಹೊದಿಸಿ, ಅಕ್ಕಪಕ್ಕ ಬ್ಯಾಟರಿ ನೇತುಹಾಕಿ, ಎಲ್ಲವೂ ಬೀಳದಿರಲೆಂದು ರಬ್ಬರ್ ಪಟ್ಟಿ ಸುತ್ತಿ ಅವನು ಹೊರಟನೆಂದರೆ, ಆಸ್ಪತ್ರೆಯಿಂದ ಬಿಡುಗಡೆಯಾದ ಸೈಕಲ್ ಮನೆಗೆ ಹೋಗುತ್ತಿರುವಂತೆ ಕಾಣುತ್ತಿತ್ತು. ಫೋನು ದಾರಿಯುದ್ದಕ್ಕೂ "ಮುಂದೆ ಎಡಕ್ಕೆ ತಿರುಗಿ" ಎಂದು ಕೂಗುತ್ತಿತ್ತು. ಅವನು ಹುಟ್ಟಿದ ಬೀದಿಗೆ ಹೋಗುವಾಗಲೂ ಕೂಗುತ್ತಿತ್ತು.

ಭಾವನಿಗೂ ಕ್ಲಿಪ್ಪುವಿಗೂ ಕಚೇರಿಯ ಚಹಾ ಹೊತ್ತಿನಲ್ಲಿ ನಡೆದ ವಾಗ್ವಾದವನ್ನು ಹೆಡ್ ಕ್ಲರ್ಕು ನನಗೆ ಅಭಿನಯಿಸಿಯೇ ತೋರಿಸಿದ್ದಾರೆ.

"ನಿಮ್ಮ ಫೋನು ಬಿಸಿಲಿಗೆ ಕಾಣಲ್ಲ, ಮಳೆಗೆ ಆಗಲ್ಲ, ಮೂರು ಗಂಟೆಗೆ ಬ್ಯಾಟರಿ ಖಾಲಿ," ಎಂದರು ಭಾವ. "ನನ್ನದು ಒಂದು ಸಲ ಚಾರ್ಜ್ ಹಾಕಿದ್ರೆ ಇಪ್ಪತ್ತು ಗಂಟೆ."

"ಗುರುಗಳೇ, ನೀವು ಇಪ್ಪತ್ತು ಗಂಟೆ ಯಾವ ದೇಶಕ್ಕೆ ಹೋಗ್ತೀರಿ? ನಿಮ್ಮ ಏರಿಯಾ ಸುತ್ತಿದ್ರೆ ಆರು ಕಿಲೋಮೀಟರು."

"ನನ್ನದು ನಾನು ನಡೆದ ಗೆರೆನ ಬರೆದಿಡುತ್ತೆ. ಎಷ್ಟು ಎತ್ತರ ಹತ್ತಿದೆ ಅಂತಾನೂ ಗಾಳಿ ಒತ್ತಡ ನೋಡಿ ಹೇಳುತ್ತೆ."

"ನನ್ನದು ಫೋನ್ ಬಂದ್ರೆ ತಾನೇ ಎತ್ತುತ್ತೆ. ಕೈ ಮುಟ್ಟಬೇಕಾಗಿಲ್ಲ. ನಿಮ್ಮ ಡಬ್ಬಿಗೆ ಯಾರಾದ್ರೂ ಫೋನ್ ಮಾಡ್ತಾರಾ?"

"ಅದು ಮಾತಾಡಲ್ಲ, ಅದಕ್ಕೇ ಅದಕ್ಕೆ ಮರ್ಯಾದೆ," ಎಂದು ಭಾವ ಚಹಾ ಲೋಟ ಕೆಳಗಿಟ್ಟರಂತೆ.

ಭಾವ ಹೇಳದೇ ಬಿಟ್ಟ ಒಂದು ಸಂಗತಿಯಿದೆ. ಫೋನಿಗಿಂತ ಮೇಲೆಂದು ಅವರು ಇಷ್ಟು ಹೊಗಳಿದ ಆ ಯಂತ್ರ, ಮೊದಲ ದಿನ ಒಂದು ಸ್ಮಾರ್ಟ್‌ಫೋನಿನ ಸಹವಾಸವಿಲ್ಲದೆ ಕಣ್ಣೇ ತೆರೆಯಲಿಲ್ಲ. ಭಾವನ ಹತ್ತಿರ ಇದ್ದದ್ದು ಗುಂಡಿ ಒತ್ತುವ ಹಳೇ ಫೋನು. ಕೊನೆಗೆ ಬಾಗಿಲು ಹಾಕಿಕೊಂಡು, ಕಿಟಕಿ ಪರದೆ ಎಳೆದು, ನನ್ನ ಫೋನು ಇಸಿದುಕೊಂಡು ಎರಡನ್ನೂ ಜೋಡಿಸಿದರು. ಅವತ್ತಿನಿಂದ ಭಾವ ಎಲ್ಲೆಲ್ಲಿ ಸುತ್ತಿದರು ಎಂಬ ಲೆಕ್ಕವೆಲ್ಲ ಸಂಜೆ ನನ್ನ ಫೋನಿಗೆ ಬಂದು ಬೀಳುತ್ತಿತ್ತು. ನಾನು ಫೋಟೊ ಸ್ಟುಡಿಯೊ ನಡೆಸುವವನು. ಗಿರಾಕಿಗಳ ಮುಖ ನೋಡುವುದೇ ಸಾಕಾಗಿತ್ತು, ಭಾವನ ಗೆರೆ ನೋಡುವ ಚಪಲ ನನಗಿರಲಿಲ್ಲ.

ಯಂತ್ರ ಬಂದ ಮೇಲೆ ಭಾವನ ನಡೆನುಡಿಯೇ ಬದಲಾಯಿತು. ತರಕಾರಿ ತರಲು ಹೋದರೆ "ಎಂಟುನೂರ ನಲವತ್ತು ಮೀಟರ್" ಎಂದು ಹೇಳಿ ಚೀಲ ಕೊಡುವರು. ಸೊಪ್ಪು ಮರೆತಿರುವರು. ಪಕ್ಕದ ಮನೆಯ ಟ್ಯೂಷನ್ ಮೇಷ್ಟ್ರು ಬಸ್ ನಿಲ್ದಾಣಕ್ಕೆ ಹೇಗೆ ಹೋಗೋದು ಎಂದು ಕೇಳಿಕೊಂಡು ಬಂದ ಅಪರಿಚಿತರನ್ನೆಲ್ಲ ನಮ್ಮ ಮನೆಗೆ ಕಳಿಸತೊಡಗಿದರು. "ಅಲ್ಲಿ ಒಬ್ಬರಿದಾರೆ, ಆಕಾಶದ ಜೊತೆ ಡೈರೆಕ್ಟ್ ಸಂಪರ್ಕ" ಎನ್ನುವರು. ನಿಲ್ದಾಣ ನಮ್ಮ ಮಹಡಿಯಿಂದ ಕಾಣುತ್ತದೆ. ಭಾವ ಮಾತ್ರ ಯಂತ್ರಕ್ಕೆ ಉಪಗ್ರಹ ಸಿಗುವವರೆಗೆ ಬಂದವರನ್ನು ಗೇಟಿನಲ್ಲೇ ನಿಲ್ಲಿಸಿಕೊಳ್ಳುತ್ತಿದ್ದರು. ಇಬ್ಬರಿಗೆ ಬಸ್ಸು ತಪ್ಪಿತು.

ಇಷ್ಟಕ್ಕೇ ನಿಂತಿದ್ದರೆ ನಾನು ಈ ಕಥೆ ಬರೆಯುತ್ತಿರಲಿಲ್ಲ. ಮೇಲ್ವಿಚಾರಕ ಹುದ್ದೆಗೆ ಅರ್ಜಿ ಹಾಕುವಾಗ ಭಾವ ತಮ್ಮ ಜೀವನದ ಅತಿ ದೊಡ್ಡ ಬುದ್ಧಿವಂತಿಕೆ ಮಾಡಿದರು. "ಹೋದ ತಿಂಗಳು ಕರ್ತವ್ಯದ ಮೇಲೆ ನೂರ ಐವತ್ತಾರು ಕಿಲೋಮೀಟರ್ ಸೈಕಲ್ ತುಳಿದಿರುತ್ತೇನೆ, ಉಪಗ್ರಹಗಳೇ ಇದಕ್ಕೆ ಸಾಕ್ಷಿ" ಎಂದು ಬರೆದು ಸಹಿ ಹಾಕಿದರು. ಅದು ಇಂಜಿನಿಯರ್ ಮೇಡಂ ಕೈಗೆ ಹೋಯಿತು. ಮೇಡಂ ಆ ಕಚೇರಿಗೆ ಬಂದು ಮೂರು ವಾರವಾಗಿತ್ತು. ಇನ್ನೂ ಯಾರೂ ಅವರು ನಕ್ಕದ್ದನ್ನು ನೋಡಿರಲಿಲ್ಲ. ಭಾವನನ್ನು ಕರೆಸಿದರು.

"ಇದು ನಿಜಾನಾ?"

"ಯಂತ್ರ ಸುಳ್ಳು ಹೇಳಲ್ಲ ಮೇಡಂ."

"ಹೋದಲ್ಲೆಲ್ಲ ಗೆರೆ ಬರೆಯುತ್ತಾ?"

"ಒಂದು ಗೇಣೂ ಬಿಡಲ್ಲ ಮೇಡಂ. ಅದೇ ಗೆರೆ ಹಿಡಿದು ಮತ್ತೆ ಹೋಗ್ಬಹುದು. ಕಣ್ಣು ಮುಚ್ಕೊಂಡು ಹೋಗ್ಬಹುದು."

"ಹಾಗಾದ್ರೆ ನಾಳೆ ಬೆಳಿಗ್ಗೆ ಹೋಗೋಣ. ಹೋದ ತಿಂಗಳ ಯಾವುದಾದ್ರೂ ಒಂದು ದಿನದ ಗೆರೆ. ನಾನೂ ಸೈಕಲ್ ತರ್ತೀನಿ. ಇಡೀ ವಿಭಾಗ ಬರ್ಲಿ. ಫೋಟೊ ತೆಗೆಯೋರಿದ್ರೆ ಕರ್ಕೊಂಡು ಬನ್ನಿ."

ಅವತ್ತು ಸಂಜೆ ಭಾವ ನೇರ ನನ್ನ ಸ್ಟುಡಿಯೊಗೆ ಬಂದು ಬಾಗಿಲು ಓರೆ ಮಾಡಿದರು.

"ನಿನ್ ಫೋನಲ್ಲಿ ಆ ಗೆರೆಗಳು ಇವೆಯಲ್ಲ, ತೆಗಿ ನೋಡೋಣ."

ತೆಗೆದೆ. ಮೂವತ್ತು ದಿನದ ಗೆರೆಗಳೂ ಒಂದೇ ರೀತಿ ಇದ್ದವು. ಮನೆಯಿಂದ ಕಚೇರಿ, ಕಚೇರಿಯಿಂದ ಹಳೇ ಚಿತ್ರಮಂದಿರದ ಹಿಂದಿನ ಒಂದು ಕಟ್ಟಡ. ಅಲ್ಲಿ ಗೆರೆ ನಿಂತು ನಾಲ್ಕು ಗಂಟೆ ಹೊತ್ತು ಒಂದೇ ಜಾಗದಲ್ಲಿ ಜೇಡನ ಹಾಗೆ ಸುತ್ತಿ ಗಂಟುಗಂಟಾಗಿ, ಮತ್ತೆ ಮನೆಗೆ ಬರುತ್ತಿತ್ತು. ಭಾವನ ಏರಿಯಾದಲ್ಲಿ ಒಂಬೈನೂರು ಮನೆಗಳಿವೆ. ಒಂದು ಮನೆಯ ಗೇಟಿನ ಹತ್ತಿರವೂ ಗೆರೆ ಸುಳಿದಿರಲಿಲ್ಲ.

"ಭಾವ, ಇದೇನಿದು?"

"ಅದೆಲ್ಲ ಆಮೇಲೆ. ಈ ಗೆರೆನ ಸ್ವಲ್ಪ ಬಗ್ಗಿಸು."

"ಬಗ್ಗಿಸೋದು ಅಂದ್ರೆ?"

"ಹಾಗೇ ನಾಲ್ಕು ಬೀದಿ ಸುತ್ತಿಸು. ಮೊಡವೆ ತೆಗೀತೀಯ, ಮಾಲುಗಣ್ಣು ನೆಟ್ಟಗೆ ಮಾಡ್ತೀಯ, ಬೋಳುತಲೆ ಮೇಲೆ ಕೂದಲು ನೆಡ್ತೀಯ. ಸ್ವಂತ ಭಾವನ ಒಂದು ಗೆರೆ ಬಗ್ಗಿಸೋಕೆ ಆಗಲ್ವೇನೋ?"

ಆಗಲಿಲ್ಲ. ನನ್ನ ಮೇಲೆ ಅವರಿಗೆ ಇದ್ದ ಗೌರವ ಅವತ್ತೇ ಮುಗಿಯಿತು. ಒಂದು ಉಪಾಯ ಅವರಿಗೇ ಹೊಳೆಯಿತು: ಮುಂದೆ ಹೋಗುವವರು ತಾವೇ ತಾನೆ, ಗೆರೆಯನ್ನು ಬಿಟ್ಟು ಬೇರೆ ದಾರಿ ಹಿಡಿದರಾಯಿತು. ಯಂತ್ರದ ಪರದೆ ಅಂಗೈಯಷ್ಟೂ ಇಲ್ಲ, ಹಿಂದಿನವರಿಗೆ ಕಾಣುವುದಿಲ್ಲ. ಹೀಗೆ ಅಂದುಕೊಂಡು ಸಮಾಧಾನವಾಗಿ ಊಟ ಮಾಡಿದರು.

ಬೆಳಿಗ್ಗೆ ಎಂಟಕ್ಕೆ ಮೆರವಣಿಗೆ ಹೊರಟಿತು. ಮುಂದೆ ಭಾವ, ಹಿಂದೆ ಮೇಡಂ, ಅವರ ಹಿಂದೆ ಬಾಡಿಗೆ ಸೈಕಲ್ಲಿನಲ್ಲಿ ಓಲಾಡುತ್ತ ಹೆಡ್ ಕ್ಲರ್ಕು, ಆಮೇಲೆ ತನ್ನ ಎಲ್ಲ ಬ್ಯಾಟರಿಗಳೊಂದಿಗೆ ಕ್ಲಿಪ್ಪು, ಕೊನೆಯಲ್ಲಿ ಕ್ಯಾಮೆರಾ ಹೊತ್ತ ನಾನು. ಗೆರೆಯನ್ನು ಆರಿಸಿದ್ದು ಮೇಡಂ. ಯಂತ್ರದ ಗುಂಡಿ ಒತ್ತಿದ್ದು ಹೆಡ್ ಕ್ಲರ್ಕು. ಮೊದಲ ತಿರುವು ಬಂತು. ಗೆರೆ ಬಲಕ್ಕೆ ಹೋಗಬೇಕೆಂದಿತು. ಭಾವ ಗಂಭೀರವಾಗಿ ಎಡಕ್ಕೆ ಕೈ ತೋರಿಸಿ, ಮನೆಗಳಿರುವ, ಮೀಟರುಗಳಿರುವ, ತಾವು ಹನ್ನೊಂದು ವರ್ಷದಿಂದ ಕಾಲಿಡದ ಬೀದಿಗೆ ತಿರುಗಿದರು.

ಆ ಯಂತ್ರಕ್ಕೆ ಮಾತು ಬರುವುದಿಲ್ಲ ಎಂದು ಭಾವ ಹೆಮ್ಮೆಪಟ್ಟಿದ್ದರಲ್ಲ. ಕಿರುಚುವುದಕ್ಕೆ ಬರುತ್ತಿತ್ತು. ಹತ್ತು ಮೀಟರ್ ಹೋಗುವಷ್ಟರಲ್ಲಿ ಕೀಂ ಎಂದು ಶುರುವಾಯಿತು. ಭಾವ ಅದನ್ನು ಅಂಗೈಯಿಂದ ಮುಚ್ಚಿದರು. ಕೆಮ್ಮಿದರು. ಗಂಟೆ ಬಾರಿಸಿದರು. ಗೇಟುಗಳ ಹತ್ತಿರ ಜನ ಬಂದು ನಿಂತು ನೋಡಿದರು.

"ಯಾಕ್ರೀ ಅದು ಅಷ್ಟೊಂದು ಬಡ್ಕೊಳ್ತಿದೆ?" ಎಂದರು ಮೇಡಂ.

"ಖುಷಿ ಮೇಡಂ. ಉಪಗ್ರಹ ಜಾಸ್ತಿ ಸಿಕ್ಕಿದ್ರೆ ಹೀಗೇ."

ಕ್ಲಿಪ್ಪು ಇದಕ್ಕಾಗಿಯೇ ಕಾದಿದ್ದವನಂತೆ ಪಕ್ಕಕ್ಕೆ ಬಂದ. "ಮೇಡಂ, ನಾನು ಮೂಗು ತೂರಿಸ್ತಿದೀನಿ ಅಂದ್ಕೋಬೇಡಿ. ಅದು ದಾರಿ ತಪ್ಪಿದ್ರೆ ಕೂಗೋದು. ಗುರುಗಳು ಪಾಪ, ಎಕ್ಸೈಟಾಗಿ ಎಡಕ್ಕೆ ಬಂದ್ಬಿಟ್ರು."

ಮೇಡಂ ಬ್ರೇಕ್ ಹಿಡಿದರು. ಯಂತ್ರವನ್ನು ಕೈಯಾರೆ ಬಿಚ್ಚಿ ತಮ್ಮ ಹ್ಯಾಂಡಲ್ಲಿಗೆ ಸಿಕ್ಕಿಸಿಕೊಂಡರು. ಅಲ್ಲಿಂದ ಮುಂದೆ ಮೇಡಂ ಮುಂದೆ, ಭಾವ ಹಿಂದೆ. ನಾನು ಹಲವು ಮದುವೆಗಳಲ್ಲಿ ಅಳುವ ಮುಖಗಳ ಫೋಟೊ ತೆಗೆದಿದ್ದೇನೆ. ಆ ಹೊತ್ತಿನ ಭಾವನ ಮುಖದಷ್ಟು ಸ್ಪಷ್ಟವಾದ ದುಃಖ ನನ್ನ ಕ್ಯಾಮೆರಾಗೆ ಇದುವರೆಗೆ ಸಿಕ್ಕಿಲ್ಲ.

ಗೆರೆ ನಮ್ಮನ್ನು ಹಳೇ ಚಿತ್ರಮಂದಿರದ ಹಿಂದೆ ಕರೆದುಕೊಂಡು ಹೋಗಿ ಒಂದು ಕ್ಷೌರದಂಗಡಿಯ ಮುಂದೆ ನಿಲ್ಲಿಸಿತು. ಕ್ಷೌರಿಕ ಒಬ್ಬನ ಕೆನ್ನೆಗೆ ನೊರೆ ಹಚ್ಚುತ್ತಿದ್ದವನು ಭಾವನನ್ನು ಕಂಡು ಬ್ರಷ್ ಎತ್ತಿ ಕೂಗಿದ: "ಏನಣ್ಣಾ, ಇವತ್ತು ಲೇಟು? ಮೇಲೆ ಕಾಯ್ತಿದಾರೆ, ಕೇರಂ ಬೋರ್ಡಿಗೆ ಪೌಡರ್ ಹಾಕಿ ಅರ್ಧ ಗಂಟೆ ಆಯ್ತು!"

"ಮೇಲೆ ಅಂದ್ರೆ?" ಎಂದರು ಮೇಡಂ.

ಯಾರೂ ಉತ್ತರ ಹೇಳಬೇಕಾಗಲಿಲ್ಲ. ಕಳ್ಳರ ಭಯಕ್ಕೆ ಭಾವ ಯಂತ್ರವನ್ನು ಯಾವತ್ತೂ ಸೈಕಲ್ಲಿನಲ್ಲಿ ಬಿಟ್ಟು ಹೋಗುತ್ತಿರಲಿಲ್ಲ, ಜೇಬಿಗೆ ಹಾಕಿಕೊಂಡೇ ಹತ್ತುತ್ತಿದ್ದರು. ಹತ್ತಿದ್ದನ್ನು ಅದು ಗಾಳಿ ಒತ್ತಡ ನೋಡಿ ಶ್ರದ್ಧೆಯಿಂದ ಬರೆದಿಟ್ಟಿತ್ತು. "ಹನ್ನೆರಡು ಮೀಟರ್ ಏರಿಕೆ," ಎಂದು ಓದಿದರು ಮೇಡಂ. "ಮೂರು ಮಹಡಿ ಆಗುತ್ತೆ. ನಡೀರಿ."

ಮೂರನೇ ಮಹಡಿಯ ಮೇಲೆ ತಾರಸಿ. ಅಲ್ಲಿ ತಗಡಿನ ನೆರಳು, ಕೇರಂ ಬೋರ್ಡು, ಮೂರು ಜನ ಆಟಗಾರರು, ನಾಲ್ಕನೆಯವನಿಗಾಗಿ ಖಾಲಿ ಬಿಟ್ಟ ಒಂದು ಸ್ಟೂಲು. ಆಟಗಾರರು ಎದ್ದು ನಿಂತು ನಮಸ್ಕಾರ ಹಾಕಿದರು. ಮೇಡಂ ಅವರನ್ನೂ, ಸ್ಟೂಲನ್ನೂ, ಭಾವನನ್ನೂ ನೋಡಿದರು.

"ಒಂಬೈನೂರು ಮನೆ ಮೀಟರ್ ಎಲ್ರೀ?"

ಸುಳ್ಳು ಹೇಳುವ ಶಕ್ತಿಯೂ ಭಾವನಲ್ಲಿ ಉಳಿದಿರಲಿಲ್ಲ. ತಾರಸಿಯ ಅಂಚಿಗೆ ಹೋಗಿ ಕೈ ಚಾಚಿದರು. ಅಲ್ಲಿಂದ ಅವರ ಏರಿಯಾದ ಅಷ್ಟೂ ತಾರಸಿಗಳು ಕಾಣುತ್ತಿದ್ದವು. ಅಷ್ಟರ ಮೇಲೂ ಹಗ್ಗಗಳು, ಹಗ್ಗದ ಮೇಲೆ ಒಣಗುವ ಬಟ್ಟೆ.

"ಮೇಡಂ, ಬಟ್ಟೆ ನೋಡಿದ್ರೆ ನೀರು ಗೊತ್ತಾಗುತ್ತೆ. ಹೊದಿಕೆ ಜಾಸ್ತಿ ಇದ್ರೆ ನೆಂಟರು. ಮಗು ಬಟ್ಟೆ ಇದ್ರೆ ನಾಲ್ಕು ಯೂನಿಟ್ ಸೇರಿಸ್ಬೇಕು. ಬಟ್ಟೇನೇ ಇಲ್ಲ ಅಂದ್ರೆ ಊರಿಗೆ ಹೋಗಿದಾರೆ. ಗುಂಡಿ ಒಳಗೆ ಕೈ ಹಾಕಿದ್ರೆ ಚೇಳು ಇರುತ್ತೆ. ಇಲ್ಲಿ ಗಾಳಿ ಇದೆ." ಹೇಳುತ್ತ ಹೇಳುತ್ತ ಅವರ ದನಿಗೆ ಒಂದು ವಿದ್ವತ್ತೇ ಬಂದುಬಿಟ್ಟಿತು. "ಹನ್ನೊಂದು ವರ್ಷದಲ್ಲಿ ಒಬ್ಬರೂ ದೂರು ಕೊಟ್ಟಿಲ್ಲ ಮೇಡಂ. ಬೇಕಾದ್ರೆ ಪರೀಕ್ಷೆ ಮಾಡಿ."

ಮೇಡಂ ಎದುರಿನ ಹಸಿರು ಗೇಟಿನ ಮನೆ ತೋರಿಸಿದರು.

ಭಾವ ಕಣ್ಣು ಕಿರಿದು ಮಾಡಿದರು. "ಇಪ್ಪತ್ತೊಂದು ಯೂನಿಟ್. ಸೊಸೆ ಬಾಣಂತನ ಮುಗಿಸಿ ಬಂದಿದಾಳೆ."

ಹೆಡ್ ಕ್ಲರ್ಕು ಕೆಳಗಿಳಿದು ಹೋದರು. ಗೇಟಿನ ಪಕ್ಕ ಬಗ್ಗಿದ್ದು ಕಂಡಿತು. ಮುಚ್ಚಳ ಎತ್ತಿದರು. ಎಷ್ಟೋ ಹೊತ್ತು ತಲೆ ಗುಂಡಿಯೊಳಗೇ ಇತ್ತು. ಆಮೇಲೆ ಎರಡೂ ಕೈ ಬಾಯಿಗೆ ಹಿಡಿದು ಕೂಗಿದರು:

"ಮೇಡಂ! ಇಲ್ಲಿ ಮೀಟರೇ ಇಲ್ಲ! ಬರೀ ಗುಂಡಿ ಇದೆ!"

ಕ್ಲಿಪ್ಪುವಿನ ಆನಂದಕ್ಕೆ ಪಾರವಿರಲಿಲ್ಲ. ಅವನು ಆಗಲೇ ಫೋನನ್ನು ಕೈಯಲ್ಲಿ ಎತ್ತಿ ಹಿಡಿದು ಭಾವನ ಪಾಡನ್ನೆಲ್ಲ ವಿಡಿಯೊ ಮಾಡುತ್ತಿದ್ದ. "ಮೇಡಂ, ನನ್ನ ಏರಿಯಾದಲ್ಲಿ ಹೀಗಿಲ್ಲ. ನಾನು ಒಂದೊಂದು ಮನೇದೂ..." ಎನ್ನುವಷ್ಟರಲ್ಲಿ ಫೋನು ಬಡಿದುಕೊಂಡಿತು. ಕೈ ಮುಟ್ಟಬೇಕಾಗಿಲ್ಲದ ಫೋನು ತಾನೇ ಕರೆ ಎತ್ತಿತು. ಸ್ಪೀಕರ್ ಇಡೀ ತಾರಸಿಗೆ ಕೇಳುವಂತಿತ್ತು.

"ಹಲೋ, ಮೀಟರ್ ಸಾರಾ? ನಾನು ಬೇಕರಿ ಹಿಂದಿನ ಮನೆಯೋಳು. ನೀವು ಫೋನ್ ಮಾಡಿ ಕೇಳೋಕೆ ಮುಂಚೆ ನಾನೇ ಹೇಳ್ಬಿಡೋಣ ಅಂತ. ಈ ತಿಂಗಳು ಎಷ್ಟು ಬರ್ಕೋತೀರಿ? ಹೋದ ಸಲ ಹತ್ತು ಅಂದಿದ್ದೆ. ಇದಕ್ಕೆ ಎಂಟು ಇರ್ಲಾ?"

ಕ್ಲಿಪ್ಪು ಫೋನ್ ಆರಿಸಲು ಪರದೆಯ ಮೇಲೆಲ್ಲ ಬೆರಳಾಡಿಸಿದ. ಬಿಸಿಲಿಗೆ ಪರದೆ ಕಾಣಲಿಲ್ಲ.

"ಸಾರ್, ಇದೀರಾ? ಪಕ್ಕದ್ಮನೆಯವರೂ ಎಂಟೇ ಅಂತೆ. ಫೋನ್ ಅವರಿಗೆ ಕೊಡ್ಲಾ?"

ಕೇರಂ ಆಟಗಾರರಲ್ಲಿ ಒಬ್ಬ ಮೆಲ್ಲಗೆ ಕೂತು ಬೋರ್ಡಿನ ಮೇಲೆ ತಲೆಯಿಟ್ಟು ನಕ್ಕ. ಮೇಡಂ ನಗಲಿಲ್ಲ. ಮೆಟ್ಟಿಲಿಳಿದು ಹೋದರು.

ಎರಡು ದಿನಕ್ಕೆ, ಹಳೇ ಮೇಲ್ವಿಚಾರಕರು ನಿವೃತ್ತರಾದ ದಿನವೇ, ಕಚೇರಿಯ ಫಲಕದ ಮೇಲೆ ಆದೇಶ ಬಂತು. ಮೇಲ್ವಿಚಾರಕ ಹುದ್ದೆ ಹೆಡ್ ಕ್ಲರ್ಕಿಗೆ ಹೆಚ್ಚುವರಿಯಾಗಿ. ಫೋನಿನಲ್ಲಿ ಸಾರ್ವಜನಿಕರೊಂದಿಗೆ ಇಷ್ಟು ಚೆನ್ನಾಗಿ ಹೊಂದಿಕೊಂಡಿರುವ ಕ್ಲಿಪ್ಪು ಇನ್ನು ಮುಂದೆ ದೂರು ವಿಭಾಗದ ಫೋನಿನ ಮುಂದೆ ಕೂರತಕ್ಕದ್ದು. ಭಾವ ಊರಿನ ಉತ್ತರ ದಕ್ಷಿಣ ಎರಡೂ ಏರಿಯಾಗಳ ಪ್ರತಿಯೊಂದು ಮನೆಗೂ ಹೋಗಿ, ಮುಚ್ಚಳ ಎತ್ತಿ, ಮೀಟರಿನ ಫೋಟೊ ತೆಗೆದು, ಪ್ರತಿ ಸಂಜೆ ಫೋಟೊಗಳ ಜೊತೆಗೆ ಯಂತ್ರದ ಗೆರೆಯನ್ನೂ ಒಪ್ಪಿಸತಕ್ಕದ್ದು.

ಎಲ್ಲಕ್ಕಿಂತ ಕ್ರೂರವಾದದ್ದು ಆದೇಶದಲ್ಲಿರಲಿಲ್ಲ. ಹೆಡ್ ಕ್ಲರ್ಕಿಗೆ ತಮ್ಮದೇ ಕುರ್ಚಿ ಇದ್ದದ್ದರಿಂದ, ಮೇಲ್ವಿಚಾರಕರ ಕೈಗಳಿರುವ ಕುರ್ಚಿಯನ್ನು ದಿಂಬಿನ ಸಮೇತ ಎತ್ತಿಕೊಂಡು ಹೋಗಿ ದೂರು ವಿಭಾಗದಲ್ಲಿ ಹಾಕಿದರು. ಭಾವ ಅವತ್ತು ಊಟ ಬಿಟ್ಟರು. ಕ್ಲಿಪ್ಪುವೂ ಸುಖವಾಗಿರಲಿಲ್ಲ ಎನ್ನಿ. ಎಂಟು ಯೂನಿಟ್ಟಿನಲ್ಲಿ ಸುಖವಾಗಿದ್ದ ಮನೆಗಳಿಗೆಲ್ಲ ಈಗ ನಿಜವಾದ ಅಂಕಿ ಹೋಗತೊಡಗಿ, ಅವರೆಲ್ಲ ಬೆಳಗಿನಿಂದ ಸಂಜೆವರೆಗೆ ಅವನಿಗೇ ಫೋನ್ ಮಾಡಿ ಬಯ್ಯುತ್ತಿದ್ದರು. ಮೆರವಣಿಗೆ ಹೊರಡಿಸಿದ ಭಾವನ ಮೇಲೆ ಅವನು ಹಲ್ಲು ಮಸೆಯುತ್ತಿದ್ದಾನೆ ಎಂದು ಹೆಡ್ ಕ್ಲರ್ಕು ಹೇಳಿದರು.

ಭಾವನ ಹಳೇ ಫೋನಿಗೆ ಕ್ಯಾಮೆರಾ ಇಲ್ಲ. ಹೊಸದನ್ನು ಕೊಳ್ಳಿ ಎಂದರೆ, "ಸತ್ರೂ ಫೋನ್ ಹಿಡಿದು ಸೈಕಲ್ ತುಳಿಯಲ್ಲ" ಎಂದು ಹಟ. ಹೀಗಾಗಿ ಅಕ್ಕ ಸ್ಟುಡಿಯೊಗೆ ಬೀಗ ಹಾಕಿಸಿ ನನ್ನನ್ನು ಜೊತೆಗೆ ಅಟ್ಟಿದಳು. "ಮೂವತ್ತು ದಿನ ಆ ಗೆರೆ ನಿನ್ನ ಫೋನಲ್ಲೇ ಇತ್ತಲ್ಲ, ಒಂದ್ಸಲ ನೋಡಿ ನಂಗೆ ಹೇಳೋಕೆ ಆಗ್ಲಿಲ್ವ? ಅನುಭವಿಸು," ಎಂದಳು. ನಿಜ ಹೇಳಬೇಕೆಂದರೆ ಮೊದಲ ದಿನ ಭಾವ ಗುಂಡಿಗಳ ಮುಂದೆ ಒಂದೊಂದಾಗಿ ಮಂಡಿಯೂರುವುದನ್ನು ನೋಡಿ ನನಗೆ ನಗು ಬಂದಿತ್ತು. ಮೂರನೇ ದಿನ, ಅವರು ಏಳುವಾಗ ಗೇಟು ಹಿಡಿದುಕೊಳ್ಳುವುದು ಕಂಡ ಮೇಲೆ, ಪಾಪ ಅನ್ನಿಸಿತು.

ಆ ಮೂರನೇ ದಿನವೇ ಒಂದು ಮನೆಯ ಮುಂದೆ ಸೈಕಲ್ ನಿಲ್ಲಿಸಿದೆವು. ಭಾವ ಬಗ್ಗಿ ಮುಚ್ಚಳಕ್ಕೆ ಕೈ ಹಾಕುವಷ್ಟರಲ್ಲಿ, ಬೆಳ್ಳಗೆ ಕೂದಲು ಹಣ್ಣಾದ ಒಬ್ಬ ಹೆಂಗಸು ಬಾಗಿಲು ಅರ್ಧ ತೆರೆದು ನಿಂತರು.

"ಯಾರದು? ಅಲ್ಲೇನು ಕೆಲಸ?"

"ಮೀಟರ್ ರೀಡರ್ ಅಮ್ಮ. ನೀರಿನ ಆಫೀಸು."

"ಸುಳ್ಳು! ಈ ಮನೆ ಕಟ್ಟಿಸಿ ಹತ್ತು ವರ್ಷ ಆಯ್ತು, ಮೀಟರ್ ರೀಡರ್ ಅನ್ನೋನ ಮುಖ ನಾನು ನೋಡಿಲ್ಲ. ಬಂದ್ಬಿಟ್ರು ಇವತ್ತು, ಕ್ಯಾಮೆರಾ ಬೇರೆ ಹಿಡ್ಕೊಂಡು!"

"ಅಮ್ಮ, ನಿಜವಾಗ್ಲೂ ನಾನೇ. ಹನ್ನೊಂದು ವರ್ಷದಿಂದ ನಾನೇ ನಿಮ್ಮ ಮೀಟರ್ ರೀಡರ್." ಭಾವ ಯಂತ್ರವನ್ನು ಬಿಚ್ಚಿ ತೋರಿಸಿದರು. "ನೋಡಿ, ಇದರಲ್ಲಿದೆ, ನಾನು ಇಲ್ಲಿದೀನಿ ಅಂತ."

"ನೀನು ಇಲ್ಲಿದೀಯ ಅಂತ ನಂಗೂ ಕಾಣ್ತಿದೆ. ನೀನು ಯಾರು ಅಂತ ಹೇಳುತ್ತಾ ಅದು?"

ಅದು ಹೇಳಲಿಲ್ಲ. ಅಷ್ಟು ಹೊತ್ತಿಗೆ ಎದುರುಮನೆಯವರೂ, ಪಕ್ಕದ ಮನೆಯವರೂ ಹೊರಗೆ ಬಂದು ನಮ್ಮ ಸೈಕಲ್ಲುಗಳ ಸುತ್ತ ನಿಂತರು. ಗುರುತಿನ ಚೀಟಿಗಾಗಿ ಭಾವ ಎಲ್ಲ ಜೇಬು ತಡಕಿದರು. ಅದು ಕೇರಂ ತಾರಸಿಯ ಮೊಳೆಗೆ ನೇತುಹಾಕಿದ ಇನ್ನೊಂದು ಷರಟಿನಲ್ಲಿತ್ತು. ಆ ಹೆಂಗಸು ಒಳಗಿಂದ ಫೋನು ತಂದು ನೀರಿನ ಆಫೀಸಿನ ದೂರು ವಿಭಾಗಕ್ಕೆ ಕರೆ ಮಾಡಿ, ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿದರು. ಭಾವ ನಿಟ್ಟುಸಿರು ಬಿಟ್ಟು, "ಕೇಳಿ ಅಮ್ಮ, ಕೇಳಿ, ಅಲ್ಲಿ ಇರೋರಿಗೆ ನಾನು ಚೆನ್ನಾಗಿ ಗೊತ್ತು," ಎಂದರು.

"ನಮಸ್ಕಾರ, ದೂರು ವಿಭಾಗ," ಎಂದಿತು ಕ್ಲಿಪ್ಪುವಿನ ದನಿ. ಹಿಂದೆ ಫ್ಯಾನು ತಿರುಗುವ ಸದ್ದು.

"ನೋಡಿ, ಇಲ್ಲಿ ಇಬ್ಬರು ಬಂದಿದಾರೆ. ಒಬ್ಬ ತಾನು ಮೀಟರ್ ರೀಡರ್ ಅಂತಾನೆ, ಗುಂಡಿ ತೆಗೀತಾನೆ. ಇನ್ನೊಬ್ಬ ಫೋಟೊ ತೆಗೀತಾನೆ. ಇವರು ನಿಮ್ಮೋರಾ?"

ಒಂದು ಕ್ಷಣ ಕುರ್ಚಿ ಕಿರ್ ಎಂದದ್ದು ಕೇಳಿಸಿತು. ಯಾರೋ ಆರಾಮವಾಗಿ ಹಿಂದಕ್ಕೆ ಒರಗಿಕೊಂಡಂತೆ.

"ಅಮ್ಮಾ, ನಮ್ಮ ಮೀಟರ್ ರೀಡರ್ ಯಾವತ್ತೂ ಮನೆಗೆ ಬರಲ್ಲ. ಇಡೀ ಊರಿಗೇ ಗೊತ್ತು. ಬಾಗಿಲು ಹಾಕ್ಕೊಳಿ, ಅವರನ್ನ ಮಾತ್ರ ಅಲ್ಲಿಂದ ಹೋಗೋಕೆ ಬಿಡಬೇಡಿ."